ಅಜ್ಜಿಯ ಪೆಟ್ಟಿಗೆಯ ಬೆಳ್ಳಿ ರೂಪಾಯಿಗಳಿಗೆ ಬೆಲೆ ಕಟ್ಟುವುದು ಹೇಗೆ?

ಓದುಗರ ಪ್ರಶ್ನೆ: ಹಳೆಯ ಮನೆಯ ಅಟ್ಟವನ್ನು ಖಾಲಿ ಮಾಡುವಾಗ ನಮ್ಮ ಅಜ್ಜಿಯ ಹಿತ್ತಾಳೆಯ ಪೆಟ್ಟಿಗೆಯಲ್ಲಿ 52 ರೂಪಾಯಿ ನಾಣ್ಯಗಳು ಸಿಕ್ಕಿವೆ. ವಿಕ್ಟೋರಿಯ ರಾಣಿಯದು 14 (ಒಂದು 1840ರದು, ಐದು 1862ರವು, ಉಳಿದವು 1877ರ ನಂತರದವು), ಎಡ್ವರ್ಡ್ ದೊರೆಯದು 9, ಐದನೆಯ ಜಾರ್ಜ್‌ನದು 17, ಆರನೆಯ ಜಾರ್ಜ್‌ನ 1940ರಿಂದ 1945ರವರೆಗಿನವು 11, ಹುಲಿಯ ಚಿತ್ರವಿರುವ 1947ರದು ಒಂದು. ರಾಣಿಯ ನಾಲ್ಕು ರೂಪಾಯಿಗಳಿಗೆ ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದಾರೆ. ಕೆಲವು ನಾಲ್ಕಾಣೆ, ಎಂಟಾಣೆಗಳೂ, ರಾಮ ಸೀತೆಯರ ಚಿತ್ರ ಮತ್ತು 1818 ಎಂಬ ಇಸವಿ ಇರುವ ಒಂದು ತಾಮ್ರದ ನಾಣ್ಯವೂ ಇವೆ. ನಮ್ಮೂರಿನ ಬೆಳ್ಳಿ ಅಂಗಡಿಯವರು ಎಲ್ಲವನ್ನೂ ಒಟ್ಟಿಗೆ ತೂಗಿ, ‘ಹಳೆಯ ರೂಪಾಯಿಯಲ್ಲಿ ಅರ್ಧವೇ ಬೆಳ್ಳಿ’ ಎಂದು ಅರ್ಧ ದರ ಹೇಳಿದರು. ವಿಡಿಯೋವೊಂದನ್ನು ನೋಡಿ ಫೋನ್ ಮಾಡಿದರೆ, 1918ರ ಒಂದು ರೂಪಾಯಿಗೆ ಲಕ್ಷಾಂತರ ರೂಪಾಯಿ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ, ರಿಸರ್ವ್ ಬ್ಯಾಂಕಿನ ಅನುಮತಿ ಪತ್ರವನ್ನೂ ನಾವೇ ತರಿಸುತ್ತೇವೆ ಎಂದರು. ಅಮೆರಿಕದಲ್ಲಿರುವ ಮಗ ಅಲ್ಲಿಗೆ ಕಳುಹಿಸಿ, ಒಳ್ಳೆಯ ಬೆಲೆ ಬರುತ್ತದೆ ಎನ್ನುತ್ತಾನೆ. ನಾವು ಮೂವರು ಒಡಹುಟ್ಟಿದವರು ಇವನ್ನು ಸಮನಾಗಿ ಹಂಚಿಕೊಳ್ಳಬೇಕು. ನಿಜವಾದ ಬೆಲೆ ಎಷ್ಟು? ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ಬರಿಸಿದರೆ ಹೆಚ್ಚು ಸಿಗುತ್ತದೆಯೇ?

ಉತ್ತರ: ಮೊದಲು ಎರಡು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಇವು ಕಾಯುವ ವಿಷಯಗಳಲ್ಲ. ಫೋನಿನಲ್ಲಿ ಮಾತನಾಡಿದವರಿಗೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ನಾಣ್ಯಗಳಿಗೆ ಹುಣಸೆಹಣ್ಣು, ಬೂದಿ, ಹಲ್ಲುಪುಡಿ, ಅಡುಗೆ ಸೋಡಾ ಯಾವುದನ್ನೂ ಸೋಕಿಸಬೇಡಿ. ಮೊದಲನೆಯದರಿಂದ ಹಣ ಹೋಗುತ್ತದೆ. ಎರಡನೆಯದರಿಂದ ಆಗುವ ನಷ್ಟ ಕಣ್ಣಿಗೆ ಕಾಣುವುದಿಲ್ಲ, ಅದನ್ನು ಸರಿಪಡಿಸಲೂ ಆಗುವುದಿಲ್ಲ.

ನಿಮ್ಮ ಮುಂದೆ ಈಗ ಎರಡು ಬೆಲೆಗಳಿವೆ. ಒಂದು ಲಕ್ಷಗಳದು, ಇನ್ನೊಂದು ಅರ್ಧ ದರದ್ದು. ಮೊದಲನೆಯದು ಪೂರ್ತಿ ಸುಳ್ಳು. ಎರಡನೆಯದು ನಿಮ್ಮಲ್ಲಿರುವ 52ರಲ್ಲಿ 11 ನಾಣ್ಯಗಳ ಮಟ್ಟಿಗೆ ನಿಜ, 40ರ ಮಟ್ಟಿಗೆ ತಪ್ಪು, ಉಳಿದ ಒಂದಕ್ಕೆ ಅನ್ವಯಿಸುವುದೇ ಇಲ್ಲ. ಬೆಲೆ ಕಟ್ಟುವ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ನಾಣ್ಯಗಳನ್ನು ಬೇರ್ಪಡಿಸುವುದು. ಒಟ್ಟಿಗೆ ತೂಗಿದ ರಾಶಿಗೆ ಹೇಳುವ ಯಾವ ದರವೂ ಯಾರಿಗಾದರೂ ಅನ್ಯಾಯ ಮಾಡಿಯೇ ತೀರುತ್ತದೆ, ಮತ್ತು ಸಾಮಾನ್ಯವಾಗಿ ಆ ಅನ್ಯಾಯ ಮಾರುವವರ ಪಾಲಿಗೇ ಬರುತ್ತದೆ.

ಕಾರಣ ಹೀಗಿದೆ. ಈಸ್ಟ್ ಇಂಡಿಯಾ ಕಂಪನಿಯು 1835ರಲ್ಲಿ ತನ್ನ ಎಲ್ಲ ಪ್ರಾಂತಗಳಿಗೆ ಒಂದೇ ಬಗೆಯ ರೂಪಾಯಿಯನ್ನು ಜಾರಿಗೆ ತಂದಾಗ ಅದರ ತೂಕವನ್ನು 180 ಗ್ರೇನ್, ಅಂದರೆ ಸರಿಯಾಗಿ ಒಂದು ತೊಲ, ಇಂದಿನ ಲೆಕ್ಕದಲ್ಲಿ 11.66 ಗ್ರಾಂ ಎಂದು ನಿಗದಿಪಡಿಸಿತು. ಅದರ ಹನ್ನೆರಡು ಭಾಗಗಳಲ್ಲಿ ಹನ್ನೊಂದು ಅಪ್ಪಟ ಬೆಳ್ಳಿ, ಒಂದು ತಾಮ್ರ. ಅಂದರೆ ನೂರಕ್ಕೆ ಸುಮಾರು 91.7ರಷ್ಟು ಬೆಳ್ಳಿ. ದೊರೆಗಳು ಬದಲಾದರು, ಮುಖಮುದ್ರೆ ಬದಲಾಯಿತು, ಕಂಪನಿಯೇ ಹೋಗಿ ಸಾಮ್ರಾಜ್ಯ ಬಂತು, ಆದರೆ ಈ ತೂಕ ಮತ್ತು ಮಟ್ಟ, ಅಂದರೆ ಬೆಳ್ಳಿಯ ಪ್ರಮಾಣ, ನೂರು ವರ್ಷಕ್ಕೂ ಹೆಚ್ಚು ಕಾಲ ಕದಲಲಿಲ್ಲ. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಜನ ಬೆಳ್ಳಿ ರೂಪಾಯಿಗಳನ್ನು ಕೂಡಿಡತೊಡಗಿದರು, ಟಂಕಸಾಲೆಗಳಲ್ಲಿ ಬೆಳ್ಳಿ ಸಾಲದಾಯಿತು. ಆಗ, 1940ರಲ್ಲಿ, ಸರ್ಕಾರ ರೂಪಾಯಿಯ ತೂಕವನ್ನು ಹಾಗೆಯೇ ಉಳಿಸಿಕೊಂಡು ಒಳಗಿನ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಹೊಸ ಮಿಶ್ರಣದಲ್ಲಿ ನೂರಕ್ಕೆ 50 ಭಾಗ ಬೆಳ್ಳಿ, 40 ಭಾಗ ತಾಮ್ರ, ತಲಾ 5 ಭಾಗ ನಿಕಲ್ ಮತ್ತು ಸತು. ನಂತರ 1941ರಿಂದ 1943ರೊಳಗೆ ಹಳೆಯ ಮಟ್ಟದ ರೂಪಾಯಿಗಳನ್ನು ಹಂತಹಂತವಾಗಿ ಚಲಾವಣೆಯಿಂದ ಹಿಂದೆಗೆದುಕೊಂಡರು. ಒಪ್ಪಿಸದೆ ಪೆಟ್ಟಿಗೆಯಲ್ಲಿ ಉಳಿಸಿಕೊಂಡ ಮನೆಗಳು ಬೇಕಾದಷ್ಟಿದ್ದವು; ನಿಮ್ಮ ಅಜ್ಜಿಯ ಪೆಟ್ಟಿಗೆಯ ಹೆಚ್ಚಿನ ರೂಪಾಯಿಗಳು ಉಳಿದುಕೊಂಡದ್ದೂ ಬಹುಶಃ ಹೀಗೆಯೇ. ಯುದ್ಧ ಮುಗಿದ ಮೇಲೆ ಅರ್ಧ ಬೆಳ್ಳಿಯೂ ದುಬಾರಿಯಾಯಿತು, ಅಮೆರಿಕದಿಂದ ಸಾಲವಾಗಿ ತಂದಿದ್ದ ಬೆಳ್ಳಿಯನ್ನು ಹಿಂದಿರುಗಿಸುವ ಹೊಣೆಯೂ ಇತ್ತು. ಹಾಗಾಗಿ 1946 ಮತ್ತು 1947ರ ಎಂಟಾಣೆ, ನಾಲ್ಕಾಣೆಗಳು ಮತ್ತು 1947ರ ಹುಲಿಯ ರೂಪಾಯಿ ಬಂದದ್ದು ನಿಕಲ್ ಲೋಹದಲ್ಲಿ. ಅದನ್ನು ಅಯಸ್ಕಾಂತದ ಹತ್ತಿರ ಹಿಡಿದರೆ ಅಂಟಿಕೊಳ್ಳುತ್ತದೆ. ಬೆಳ್ಳಿ ಎಂದೂ ಅಂಟುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಹಳೆಯ ಮಟ್ಟದ ಒಂದು ರೂಪಾಯಿಯಲ್ಲಿ 10.69 ಗ್ರಾಂ ಅಪ್ಪಟ ಬೆಳ್ಳಿ ಇದೆ, 1940ರಿಂದ 1945ರವರೆಗಿನದ್ದರಲ್ಲಿ 5.83 ಗ್ರಾಂ. ಚಿನಿವಾರ ಪೇಟೆಯ ದರ ದಿನದಿನಕ್ಕೂ ಬದಲಾಗುವುದರಿಂದ ನಾನಿಲ್ಲಿ ದರ ಹೇಳುವುದಿಲ್ಲ. ಲೆಕ್ಕ ಸುಲಭವಾಗಲೆಂದು ಅಪ್ಪಟ ಬೆಳ್ಳಿಗೆ ಗ್ರಾಂಗೆ 100 ರೂಪಾಯಿ ಎಂದು ಇಟ್ಟುಕೊಂಡರೆ, ಮೊದಲ ಬಗೆಯ ನಾಣ್ಯದ ಲೋಹದ ಬೆಲೆ 1,069 ರೂಪಾಯಿ, ಎರಡನೆಯದರದು 583 ರೂಪಾಯಿ. ನೀವು ಲೆಕ್ಕ ಮಾಡುವ ದಿನದ ಪತ್ರಿಕೆಯಲ್ಲಿರುವ ದರದಿಂದ ಗುಣಿಸಿಕೊಳ್ಳಿ. ನಿಮ್ಮ ಪೆಟ್ಟಿಗೆಯಲ್ಲಿ ಹಳೆಯ ಮಟ್ಟದವು 40, ಅರ್ಧ ಬೆಳ್ಳಿಯವು 11. ಸವೆತವನ್ನು ಸದ್ಯಕ್ಕೆ ಬಿಟ್ಟರೆ ಒಟ್ಟು ಸುಮಾರು 492 ಗ್ರಾಂ ಅಪ್ಪಟ ಬೆಳ್ಳಿ. ಹುಲಿಯ ರೂಪಾಯಿಯೂ ಸೇರಿ 52ನ್ನೂ ಅರ್ಧ ಎಂದು ಹಿಡಿದರೆ ಅದು ಸುಮಾರು 303 ಗ್ರಾಂ ಮಾತ್ರ. ಅಂಗಡಿಯವರ ಒಂದು ವಾಕ್ಯದಿಂದ ನೀವು ಕಳೆದುಕೊಳ್ಳಲಿದ್ದದ್ದು ಹೆಚ್ಚುಕಡಿಮೆ 190 ಗ್ರಾಂ ಬೆಳ್ಳಿ. ಅವರು ಬೇಕೆಂದೇ ಹಾಗೆ ಹೇಳಿದರು ಎಂದು ನಾನು ಹೇಳಲಾರೆ. ಆರನೆಯ ಜಾರ್ಜ್‌ನ ರೂಪಾಯಿಗಳೇ ಹೆಚ್ಚಾಗಿ ಕೈಗೆ ಬರುವ ಅಂಗಡಿಗಳಲ್ಲಿ ಅರ್ಧ ಬೆಳ್ಳಿ ಎಂಬುದು ರೂಢಿಯ ಮಾತಾಗಿಬಿಟ್ಟಿರುತ್ತದೆ.

ಸವೆತವನ್ನೂ ಗಮನಿಸಬೇಕು. ಕೈಯಿಂದ ಕೈಗೆ ಹೋಗಿ ಸವಕಲಾದ ರೂಪಾಯಿ 11.4 ಗ್ರಾಂ ತೂಗಿದರೆ ಗಾಬರಿಯಾಗಬೇಕಿಲ್ಲ. ಆದರೆ ಇಸವಿ, ಮುಖ, ಅಕ್ಷರ ಎಲ್ಲ ಚೂಪಾಗಿ ಕಾಣುವ ನಾಣ್ಯವೊಂದು 11 ಗ್ರಾಂಗಿಂತ ಕಡಿಮೆ ತೂಗಿದರೆ, ಅಥವಾ 11.8 ಗ್ರಾಂ ದಾಟಿದರೆ, ಅದನ್ನು ಪಕ್ಕಕ್ಕಿಡಿ. ಹಬ್ಬದ ಪೂಜೆಗೆಂದು ಇತ್ತೀಚೆಗೆ ಮಾಡಿ ಮಾರುವ ರಾಣಿಯ ಮುಖದ ಬೆಳ್ಳಿ ಬಿಲ್ಲೆಗಳು ಸಾಮಾನ್ಯವಾಗಿ ಸರಿಯಾಗಿ 10 ಗ್ರಾಂ ಇರುತ್ತವೆ. ಅವು ಟಂಕಸಾಲೆಯ ನಾಣ್ಯಗಳಲ್ಲ, ಅವುಗಳಲ್ಲಿ ಬೆಳ್ಳಿ ಎಷ್ಟಿದೆ ಎಂಬ ಭರವಸೆಯೂ ಇಲ್ಲ.

ಲೋಹವನ್ನು ಮನೆಯಲ್ಲೇ ಪರೀಕ್ಷಿಸಲು ನಾಣ್ಯಕ್ಕೆ ಗೀರು ಬೀಳದ ಒಂದು ವಿಧಾನವಿದೆ. ಒಂದು ಗ್ರಾಂನ ನೂರನೆಯ ಭಾಗವನ್ನು ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು. ಮೊದಲು ನಾಣ್ಯವನ್ನು ಹಾಗೆಯೇ ತೂಗಿ ಬರೆದಿಟ್ಟುಕೊಳ್ಳಿ. ಅನಂತರ ತಕ್ಕಡಿಯ ಮೇಲೆ ನೀರು ತುಂಬಿದ ಲೋಟವನ್ನಿಟ್ಟು ಸೊನ್ನೆಗೆ ತನ್ನಿ. ತೆಳುವಾದ ದಾರದಲ್ಲಿ ನಾಣ್ಯವನ್ನು ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗುವಷ್ಟು ಇಳಿಬಿಡಿ. ಆಗ ತಕ್ಕಡಿ ತೋರಿಸುವ ತೂಕವು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಸವೆಯದ ರೂಪಾಯಿಗೆ ಅದು ಹಳೆಯ ಮಟ್ಟದ ಬೆಳ್ಳಿಯಾದರೆ ಸುಮಾರು 1.13 ಗ್ರಾಂ, 1940ರ ಮಿಶ್ರಣವಾದರೆ ಸುಮಾರು 1.22 ಗ್ರಾಂ, ಬೆಳ್ಳಿಯ ನೀರು ಕೊಟ್ಟ ತಾಮ್ರ ನಿಕಲ್ ಆದರೆ 1.30 ಗ್ರಾಂ ಆಸುಪಾಸು ಬರುತ್ತದೆ. ನಾಣ್ಯಕ್ಕೆ ಗಾಳಿಯ ಗುಳ್ಳೆಗಳು ಅಂಟಿಕೊಂಡಿದ್ದರೆ ಲೆಕ್ಕ ತಪ್ಪುವುದರಿಂದ ಎರಡು ಮೂರು ಸಲ ಮಾಡಿ ನೋಡಿ. ಕೊಂಡಿ ಬೆಸೆದ ನಾಣ್ಯಗಳಿಗೆ ಈ ಲೆಕ್ಕ ಸರಿಹೊಂದದು, ಬೆಸುಗೆಯ ಲೋಹ ಬೇರೆಯಾಗಿರುತ್ತದೆ.

ಲೋಹದ ಶುದ್ಧತೆಯನ್ನು ಅಳೆಯುವ ಅಂಗಡಿಯ ಎಕ್ಸ್‌ರೇ ಯಂತ್ರವನ್ನು ಅನೇಕರು ಅಂತಿಮ ತೀರ್ಪೆಂದು ನಂಬುತ್ತಾರೆ. ಆ ಯಂತ್ರ ಓದುವುದು ನಾಣ್ಯದ ಮೇಲ್ಪದರವನ್ನು ಮಾತ್ರ. ಅರ್ಧ ಬೆಳ್ಳಿಯ ನಾಣ್ಯಗಳನ್ನು ಅಚ್ಚು ಹಾಕುವ ಮೊದಲು ಬಿಲ್ಲೆಗಳನ್ನು ಆಮ್ಲದಲ್ಲಿ ಅದ್ದಿ ಮೇಲ್ಮೈಯ ತಾಮ್ರವನ್ನು ತೆಗೆಯುತ್ತಿದ್ದರು, ಇದರಿಂದ ಹೊರಪದರದಲ್ಲಿ ಬೆಳ್ಳಿಯ ಪಾಲು ಹೆಚ್ಚುತ್ತಿತ್ತು. ಹಾಗಾಗಿ ಸವೆಯದ 1944ರ ರೂಪಾಯಿಯೊಂದು ಯಂತ್ರದಲ್ಲಿ ತನ್ನ ನಿಜವಾದ ಮಟ್ಟಕ್ಕಿಂತ ಹೆಚ್ಚು ತೋರಿಸಬಹುದು. ಇಸವಿ, ತೂಕ, ನೀರಿನ ಪರೀಕ್ಷೆ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ನಾನು ನಿಶ್ಚಿಂತನಾಗುತ್ತೇನೆ.

ಲೋಹದ ಬೆಲೆ ಎಂಬುದು ಕನಿಷ್ಠ ಬೆಲೆ. ಇದಕ್ಕಿಂತ ಕೆಳಗೆ ಯಾವ ಹಳೆಯ ರೂಪಾಯಿಯನ್ನೂ ಕೊಡಬೇಕಿಲ್ಲ, ಅಂಗಡಿಯವರು ಕರಗಿಸುವ ಖರ್ಚಿಗೆಂದು ಹಿಡಿಯುವ ನ್ಯಾಯವಾದ ವಟ್ಟವನ್ನು ಬಿಟ್ಟು. ಇದಕ್ಕಿಂತ ಮೇಲೆ ಸಂಗ್ರಾಹಕರು ಎಷ್ಟು ಕೊಡುತ್ತಾರೆ ಎಂಬುದನ್ನು ನಿರ್ಧರಿಸುವುದು ಮೂರು ಸಂಗತಿಗಳು: ಆ ಇಸವಿಯ, ಆ ಟಂಕಸಾಲೆಯ ನಾಣ್ಯ ಎಷ್ಟು ಉಳಿದಿದೆ, ಅದನ್ನು ಬೇಕೆನ್ನುವವರು ಎಷ್ಟು ಮಂದಿ, ನಿಮ್ಮ ಕೈಯಲ್ಲಿರುವ ನಾಣ್ಯ ಯಾವ ಸ್ಥಿತಿಯಲ್ಲಿದೆ. ವಯಸ್ಸು ಈ ಪಟ್ಟಿಯಲ್ಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ನೂರು ವರ್ಷ ಹಳೆಯದು ಎಂಬ ಕಾರಣಕ್ಕೇ ಬೆಲೆ ಬರುತ್ತದೆ ಎಂಬ ನಂಬಿಕೆಯಿಂದ ಎಷ್ಟೋ ಕುಟುಂಬಗಳು ಮೊದಲು ಆಸೆಪಟ್ಟು, ಆಮೇಲೆ ನಿರಾಶೆಯಿಂದ ಒಳ್ಳೆಯ ನಾಣ್ಯಗಳನ್ನೂ ಕೆಟ್ಟ ಬೆಲೆಗೆ ಕೊಟ್ಟುಬಿಟ್ಟದ್ದನ್ನು ನಾನು ಕಂಡಿದ್ದೇನೆ.

ವಿಡಿಯೋದವರು ಹೆಸರಿಸಿದ 1918ರ ರೂಪಾಯಿಯನ್ನೇ ತೆಗೆದುಕೊಳ್ಳಿ. ಮೊದಲ ಮಹಾಯುದ್ಧದ ಕಾಲದಲ್ಲಿ ಭಾರತದಿಂದ ಸರಕು ರಫ್ತಾಗುತ್ತಿದ್ದ ವೇಗಕ್ಕೆ ತಕ್ಕಷ್ಟು ರೂಪಾಯಿಗಳಿರಲಿಲ್ಲ, ನೋಟುಗಳನ್ನು ಬೆಳ್ಳಿಗೆ ಬದಲಾಯಿಸಿಕೊಳ್ಳಲು ಜನ ಮುಗಿಬೀಳುತ್ತಿದ್ದರು. ಬ್ರಿಟನ್ ಅಮೆರಿಕದ ಮೊರೆಹೋಯಿತು. ಅಮೆರಿಕ 1918ರ ಪಿಟ್‌ಮನ್ ಕಾಯ್ದೆಯಡಿ ತನ್ನ ಬೆಳ್ಳಿ ಡಾಲರುಗಳನ್ನು ಕರಗಿಸಿ ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಭಾರತದ ನಾಣ್ಯಗಳಿಗಾಗಿ ಮಾರಿತು. ಕಲ್ಕತ್ತ ಮತ್ತು ಮುಂಬಯಿ ಟಂಕಸಾಲೆಗಳು ಆ ಒಂದೇ ಇಸವಿಯಲ್ಲಿ 40 ಕೋಟಿಗೂ ಹೆಚ್ಚು ರೂಪಾಯಿಗಳನ್ನು ಅಚ್ಚು ಹಾಕಿದವು. ಬ್ರಿಟಿಷ್ ಭಾರತದ ರೂಪಾಯಿಗಳಲ್ಲಿ ಇದರಷ್ಟು ಸುಲಭವಾಗಿ ಸಿಗುವ ಇಸವಿಗಳು ಕೆಲವೇ. ಸವೆದ 1918ರ ರೂಪಾಯಿಗೆ ಲೋಹದ ಬೆಲೆಯ ಮೇಲೆ ಅತ್ಯಲ್ಪ ಹೆಚ್ಚುವರಿಯಷ್ಟೇ ನ್ಯಾಯ. ನಿಮ್ಮ ಐದನೆಯ ಜಾರ್ಜ್‌ನ ರೂಪಾಯಿಗಳಲ್ಲಿ 1916ರಿಂದ 1920ರವರೆಗಿನ ಎಲ್ಲಕ್ಕೂ ಈ ಮಾತು ಹೆಚ್ಚುಕಡಿಮೆ ಅನ್ವಯಿಸುತ್ತದೆ.

ಆದರೆ ಆ 17ರಲ್ಲಿ 1911ರದು ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಇದ್ದರೆ ಅದು ಬೇರೆಯೇ ಕಥೆ. ಆ ವರ್ಷದ ನಾಣ್ಯದಲ್ಲಿ ದೊರೆಯ ನಿಲುವಂಗಿಯ ಮೇಲಿದ್ದ ಪುಟ್ಟ ಆನೆಯ ಸೊಂಡಿಲು ಮತ್ತು ಕಾಲುಗಳು ಎಷ್ಟು ಮೋಟಾಗಿ ಮೂಡಿದ್ದವೆಂದರೆ ಜನ ಅದನ್ನು ಹಂದಿ ಎಂದು ಭಾವಿಸಿದರು. ಆಕ್ಷೇಪ ಎದ್ದಾಗ ಸರ್ಕಾರ ವಿತರಣೆಯನ್ನು ನಿಲ್ಲಿಸಿ, 1912ರಿಂದ ಆನೆಯನ್ನು ತಿದ್ದಿ ಸ್ಪಷ್ಟ ಸೊಂಡಿಲಿನೊಂದಿಗೆ ಹೊಸ ಅಚ್ಚು ತಂದಿತು. ಸುಮಾರು 94 ಲಕ್ಷ ನಾಣ್ಯಗಳಲ್ಲಿ ಸುಮಾರು 7 ಲಕ್ಷ ಮಾತ್ರ ಜನರ ಕೈಗೆ ಹೋಗಿದ್ದವು, ಉಳಿದವನ್ನು ಕರಗಿಸಲಾಯಿತು. 7 ಲಕ್ಷ ಎಂಬುದು ಸಣ್ಣ ಸಂಖ್ಯೆಯಲ್ಲ, ಆದ್ದರಿಂದ ಇದು ಅಪರೂಪದ ರತ್ನವೆಂದು ಯಾರಾದರೂ ಹೇಳಿದರೆ ಪೂರ್ತಿ ಒಪ್ಪಬೇಡಿ. ಆದರೆ ಕಥೆಯ ಕಾರಣದಿಂದ ಬೇಕೆನ್ನುವವರು ಹೆಚ್ಚು, ಹೀಗಾಗಿ ಸವೆದ ಸ್ಥಿತಿಯಲ್ಲೂ ಲೋಹಕ್ಕಿಂತ ಗಣನೀಯವಾಗಿ ಹೆಚ್ಚಿನ ಬೆಲೆ ಬರುತ್ತದೆ. ಇದನ್ನು ಯಾವ ಕಾರಣಕ್ಕೂ ರಾಶಿಯಲ್ಲಿ ತೂಗಿಸಬೇಡಿ.

ನಿಮ್ಮ 1862ರ ಐದು ರೂಪಾಯಿಗಳು ನನಗೆ ಇನ್ನೂ ಕುತೂಹಲಕಾರಿ. ಆ ಇಸವಿ ಇದ್ದ ಮಾತ್ರಕ್ಕೆ ಅವು 1862ರಲ್ಲೇ ಅಚ್ಚಾದವು ಎನ್ನಲಾಗದು. ಟಂಕಸಾಲೆಗಳು 1874ರಲ್ಲಿ ಹೊಸ ಇಸವಿ ಹಾಕುವವರೆಗೆ ಅದೇ ಇಸವಿಯನ್ನು ಮುಂದುವರಿಸಿದವು. ಹಾಗಾಗಿ ಇವು ದೊಡ್ಡ ಸಂಖ್ಯೆಯಲ್ಲಿವೆ, ಸಾಮಾನ್ಯ ಸ್ಥಿತಿಯಲ್ಲಿ ದುಬಾರಿಯಲ್ಲ. ಆದರೆ ಹಿಮ್ಮುಖದಲ್ಲಿ ಇಸವಿಯ ಆಸುಪಾಸು ಸೂಜಿಮೊನೆಯಂಥ ಚುಕ್ಕೆಗಳು ಇರಬಹುದು. ಯಾವ ವರ್ಷದ ಅಚ್ಚು ಎಂಬುದರ ಗುರುತಾಗಿ ಸಂಗ್ರಾಹಕರು ಅವನ್ನು ಎಣಿಸುತ್ತಾರೆ, ಮುಖಮುದ್ರೆಯಲ್ಲಿ ರಾಣಿಯ ಉಡುಪಿನ ಸೂಕ್ಷ್ಮ ವ್ಯತ್ಯಾಸಗಳನ್ನೂ ನೋಡುತ್ತಾರೆ. ಚುಕ್ಕೆಗಳ ಕೆಲವು ಜೋಡಣೆಗಳು ಸಿಗುವುದು ಕಷ್ಟ. ನಿಮ್ಮ 1840ರ ರೂಪಾಯಿಯಲ್ಲಿ ರಾಣಿಯ ಹೆಸರಿನ ಅಕ್ಷರಗಳು ತಲೆಯ ಮೇಲೆ ಒಂದೇ ಸಾಲಾಗಿ ಬಾಗಿವೆಯೋ, ಎರಡು ಬದಿಗೆ ಒಡೆದಿವೆಯೋ ನೋಡಿ ಬರೆದಿಟ್ಟುಕೊಳ್ಳಿ, ಅವು ಎರಡು ಬೇರೆ ಬಗೆಗಳು. ಉಳಿದ ರೂಪಾಯಿಗಳಲ್ಲಿ ಚಿಕ್ಕದೊಂದು ‘ಬಿ’ ಅಕ್ಷರ ಅಥವಾ ಉಬ್ಬಿದ ಚುಕ್ಕೆ ಇದ್ದರೆ ಸಾಮಾನ್ಯವಾಗಿ ಮುಂಬಯಿ ಟಂಕಸಾಲೆ; ಕಲ್ಕತ್ತದವು ಹೆಚ್ಚಾಗಿ ಗುರುತಿಲ್ಲದವು, ಕೆಲವಕ್ಕೆ ‘ಸಿ’ ಇದೆ. ಆರನೆಯ ಜಾರ್ಜ್‌ನ 1944 ಮತ್ತು 1945ರ ರೂಪಾಯಿಯಲ್ಲಿ ‘ಎಲ್’ ಕಂಡರೆ ಅದು ಲಾಹೋರಿನದು. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಮಸೂರವಿದ್ದರೆ ಇಷ್ಟೆಲ್ಲ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ನಿಮ್ಮಲ್ಲಿ ಇಲ್ಲದ ಒಂದು ಇಸವಿಯ ಬಗ್ಗೆಯೂ ಎಚ್ಚರಿಸಬೇಕು, ಏಕೆಂದರೆ ಮಾರುವುದಕ್ಕೆ ಹೊರಟವರಿಗೆ ಅದನ್ನು ಬದಲಿಗೆ ಕೊಡಲು ಬರುವವರಿರುತ್ತಾರೆ. ಹಳೆಯ ಮಟ್ಟದ ಕೊನೆಯ ರೂಪಾಯಿ 1939ರದು, ನಿಜವಾಗಿಯೂ ಬಹಳ ವಿರಳ. ಆದ್ದರಿಂದಲೇ 1938ರ ರೂಪಾಯಿಯ ಎಂಟನ್ನು ಕೆತ್ತಿ ಒಂಬತ್ತು ಮಾಡಿದವೂ ಪೂರ್ತಿ ನಕಲಿಯಾದವೂ ಓಡಾಡುತ್ತಿವೆ. ಪರಿಣತರು ನೋಡದೆ ಅದನ್ನು ಯಾವ ವಿನಿಮಯದಲ್ಲೂ ಒಪ್ಪಿಕೊಳ್ಳಬೇಡಿ.

ಸ್ಥಿತಿಯ ವಿಷಯದಲ್ಲಿ ಸಾಮಾನ್ಯ ಕಣ್ಣಿಗೂ ಸಂಗ್ರಾಹಕರ ಕಣ್ಣಿಗೂ ಬಹಳ ಅಂತರವಿದೆ. ನಾಣ್ಯ ಹೊಳೆಯುತ್ತಿದೆಯೇ ಎಂದು ಸಂಗ್ರಾಹಕರು ನೋಡುವುದಿಲ್ಲ. ಅಚ್ಚಿನ ಅತಿ ಎತ್ತರದ ಭಾಗಗಳು, ಅಂದರೆ ಕಿರೀಟದ ಮಣಿಗಳು, ಕಿವಿಯ ಮೇಲಿನ ಕೂದಲು, ನಿಲುವಂಗಿಯ ಕಸೂತಿ, ಚಪ್ಪಟೆಯಾಗಿವೆಯೇ ಎಂದು ನೋಡುತ್ತಾರೆ. ಅಚ್ಚಿನ ಒತ್ತಡದಲ್ಲಿ ಲೋಹ ಹರಿದಾಗ ಮೂಡಿದ, ಬೆಳಕಿಗೆ ಓರೆಯಾಗಿಸಿದರೆ ಸುತ್ತುವಂತೆ ಕಾಣುವ ಮೂಲ ಕಾಂತಿ ಉಳಿದಿದೆಯೇ ಎಂದು ನೋಡುತ್ತಾರೆ. ಆ ಕಾಂತಿ ಇರುವುದು ಮೇಲ್ಮೈಯ ಅತಿ ಸೂಕ್ಷ್ಮ ಗೆರೆಗಳಲ್ಲಿ. ಹುಣಸೆಹಣ್ಣಿನ ಹುಳಿ ಮತ್ತು ಬೂದಿಯ ಹರಳು ಮೊದಲು ಕಳಚಿಹಾಕುವುದು ಅದನ್ನೇ. ತಿಕ್ಕಿದ ನಾಣ್ಯ ಬೆಳ್ಳಗೆ ಹೊಳೆಯುತ್ತದೆ ನಿಜ, ಆದರೆ ಮಸೂರದಡಿ ಒಂದೇ ದಿಕ್ಕಿಗೆ ಸಾಗುವ ಗೀರುಗಳು ಕಾಣುತ್ತವೆ, ಅನುಭವಿಗಳು ಅದನ್ನು ಕ್ಷಣದಲ್ಲಿ ಗುರುತಿಸುತ್ತಾರೆ. ಒಂದೇ ಇಸವಿಯ, ಒಂದೇ ಟಂಕಸಾಲೆಯ ಎರಡು ನಾಣ್ಯಗಳಲ್ಲಿ ತಿಕ್ಕದ, ಚಲಾವಣೆಯೇ ಕಾಣದ ನಾಣ್ಯಕ್ಕೆ ತಿಕ್ಕಿದ್ದಕ್ಕಿಂತ ಹಲವು ಪಟ್ಟು ಬೆಲೆ ಸಿಗುತ್ತದೆ. ಕಪ್ಪು, ಕಂದು, ನೀಲಿ ಬಣ್ಣದ ಪೊರೆ ಗಂಧಕದ ಜೊತೆ ಬೆಳ್ಳಿ ಸೇರಿ ಆದದ್ದು; ಅದು ಕೊಳೆಯಲ್ಲ. ಸಮನಾಗಿ ಹರಡಿದ ಪೊರೆಯನ್ನು ಸಂಗ್ರಾಹಕರು ಮೆಚ್ಚುತ್ತಾರೆ ಕೂಡ. ಪೂಜೆಯ ಕುಂಕುಮ, ಎಣ್ಣೆ ಅಂಟಿದ್ದರೆ ಶುದ್ಧ ಅಸಿಟೋನಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ತೆಗೆದು, ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಒರೆಸದೆ ಮೆತ್ತನೆಯ ಬಟ್ಟೆಯ ಮೇಲೆ ಒಣಗಲು ಬಿಡಿ. ಅಸಿಟೋನ್ ಬೇಗ ಹೊತ್ತಿಕೊಳ್ಳುವುದರಿಂದ ಒಲೆ, ದೀಪಗಳಿಂದ ದೂರವಿರಲಿ. ರಬ್ಬರ್ ಬ್ಯಾಂಡ್ ಸುತ್ತಿಡಬೇಡಿ, ಅದರಲ್ಲಿ ಗಂಧಕವಿರುತ್ತದೆ. ಮೆತ್ತಗಿನ ಪಿವಿಸಿ ಚೀಲಗಳೂ ಬೇಡ, ಕಾಲಕ್ರಮದಲ್ಲಿ ಅವು ಹಸಿರು ಜಿಡ್ಡನ್ನು ಬಿಡುತ್ತವೆ.

ಕೊಂಡಿ ಬೆಸೆದ ನಾಲ್ಕು ರೂಪಾಯಿಗಳು ಸಂಗ್ರಾಹಕರ ಮಾರುಕಟ್ಟೆಯಲ್ಲಿ ಬಹುತೇಕ ಲೋಹದ ಬೆಲೆಗೇ ನಿಲ್ಲುತ್ತವೆ. ಕೊಂಡಿಯನ್ನು ಕೀಳಿಸಿ ಗುರುತು ಅಳಿಸಲು ಪ್ರಯತ್ನಿಸುವುದು ಇನ್ನಷ್ಟು ಹಾನಿ. ಲಂಬಾಣಿ ಆಭರಣಗಳಲ್ಲಿ, ಹಳೆಯ ಮನೆಗಳ ಸರಗಳಲ್ಲಿ ಇಂಥ ಸಾವಿರಾರು ನಾಣ್ಯಗಳಿವೆ; ಅಜ್ಜಿ ಧರಿಸಿದ್ದು ಎಂಬುದಕ್ಕೆ ಪೇಟೆಯಲ್ಲಿ ದರವಿಲ್ಲ, ನಿಮ್ಮ ಮನೆಯಲ್ಲಿ ಇದೆ. ಇವನ್ನು ಮಾರದೆ ಇಟ್ಟುಕೊಳ್ಳುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಚಿಲ್ಲರೆಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಬೆಳ್ಳಿಯ ಎಂಟಾಣೆ 5.83 ಗ್ರಾಂ, ನಾಲ್ಕಾಣೆ 2.92 ಗ್ರಾಂ, ಮಟ್ಟವೂ ರೂಪಾಯಿಯದೇ. ಆದರೆ 1919ರಿಂದ ಕೆಲವು ವರ್ಷ ಎಂಟಾಣೆ, ನಾಲ್ಕಾಣೆಗಳನ್ನು ತಾಮ್ರ ನಿಕಲ್ ಮಿಶ್ರಣದಲ್ಲೂ ಅಚ್ಚು ಹಾಕಿದರು. ಎಂಟು ಮೂಲೆಯ ನಾಲ್ಕಾಣೆ ಬೆಳ್ಳಿಯಲ್ಲ. ಹಿಂದೆ ಹೈದರಾಬಾದ್ ಕರ್ನಾಟಕ ಎನ್ನುತ್ತಿದ್ದ ಕಲ್ಯಾಣ ಕರ್ನಾಟಕದ ಮನೆಗಳಲ್ಲಿ ಸಿಗುವ ಚಾರ್‌ಮಿನಾರ್ ಚಿತ್ರದ ನಿಜಾಮರ ರೂಪಾಯಿ ನಿಮ್ಮಲ್ಲಿ ಇದ್ದಂತಿಲ್ಲ, ಇದ್ದರೆ ಅದರ ಲೆಕ್ಕ ಬೇರೆ: ತೂಕ ಸುಮಾರು 11.18 ಗ್ರಾಂ, ಬೆಳ್ಳಿ ನೂರಕ್ಕೆ 81.8 ಭಾಗ, 1940ರ ದಶಕದವುಗಳಲ್ಲಿ ಅರ್ಧ.

ರಾಮ ಸೀತೆಯರ ತಾಮ್ರದ ‘ನಾಣ್ಯ’ ನಾಣ್ಯವೇ ಅಲ್ಲ. ಈಸ್ಟ್ ಇಂಡಿಯಾ ಕಂಪನಿ ಅಂಥದ್ದನ್ನು ಎಂದೂ ಹೊರತಂದಿಲ್ಲ. ಅವು ಯಾತ್ರಾಸ್ಥಳಗಳಲ್ಲಿ ಮಾರುತ್ತಿದ್ದ, ಈಗಲೂ ಮಾಡಿ ಮಾರುತ್ತಿರುವ ಬಿಲ್ಲೆಗಳು. ಹಳೆಯದಾಗಿ ಕಾಣಲೆಂದೇ ಹಳೆಯ ಇಸವಿಯನ್ನು ಹಾಕಿರುತ್ತಾರೆ. ದೇವರ ಮನೆಯಲ್ಲಿಡಿ. ಅಕ್ಕಿಯನ್ನು ಸೆಳೆಯುತ್ತದೆ, ಕೋಟಿ ಬೆಲೆ ಬಾಳುತ್ತದೆ ಎಂಬ ಕಥೆಯೊಂದಿಗೆ ಯಾರಾದರೂ ಬಂದರೆ ಬಾಗಿಲಲ್ಲೇ ಕಳುಹಿಸಿಬಿಡಿ, ಈ ವಂಚನೆಯಲ್ಲಿ ಹಣ ಕಳೆದುಕೊಂಡವರ ದೂರುಗಳು ಪೊಲೀಸ್ ಠಾಣೆಗಳಲ್ಲಿ ಬಹಳಷ್ಟಿವೆ. ಫೋನಿನಲ್ಲಿ ಸಿಕ್ಕವರೂ ಇದೇ ವರ್ಗದವರು. ಹಳೆಯ ನಾಣ್ಯ, ನೋಟುಗಳ ಕೊಡುಕೊಳ್ಳುವಿಕೆಯಲ್ಲಿ ತಾನು ತೊಡಗುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ, ತನ್ನ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕ ಪ್ರಕಟಣೆಯಲ್ಲೇ ಹೇಳಿದೆ. ಅಂಥ ಅನುಮತಿ ಪತ್ರವೆಂಬುದು ಇಲ್ಲ.

ಅಮೆರಿಕಕ್ಕೆ ಕಳುಹಿಸುವ ಯೋಚನೆಯನ್ನು ಕೈಬಿಡಿ. ಪ್ರಾಚ್ಯವಸ್ತುಗಳು ಮತ್ತು ಕಲಾ ನಿಧಿಗಳ 1972ರ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪ್ರಾಚ್ಯವಸ್ತು, ಅದನ್ನು ಖಾಸಗಿ ವ್ಯಕ್ತಿಗಳು ದೇಶದ ಹೊರಗೆ ಕಳುಹಿಸುವಂತಿಲ್ಲ. ನಿಮ್ಮ ಪೆಟ್ಟಿಗೆಯ ವಿಕ್ಟೋರಿಯ, ಎಡ್ವರ್ಡ್ ರೂಪಾಯಿಗಳೂ 1922ರವರೆಗಿನ ಐದನೆಯ ಜಾರ್ಜ್‌ನ ರೂಪಾಯಿಗಳೂ ಈ ಮಿತಿಯನ್ನು ದಾಟಿವೆ. ಮಗ ರಜೆಗೆ ಬಂದಾಗ ಚೀಲದಲ್ಲಿ ಎರಡು ಒಯ್ಯುತ್ತೇನೆ ಎಂದರೂ ಅದು ಕಾನೂನಿನ ಉಲ್ಲಂಘನೆಯೇ. ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ, ದೇಶದೊಳಗೆ ಪರವಾನಗಿ ಇರುವ ವ್ಯಾಪಾರಿಗೆ ಮಾರುವುದಕ್ಕೆ ತೊಂದರೆಯಿಲ್ಲ. ವ್ಯಾಪಾರವಾಗಿ ನಡೆಸುವವರಿಗೆ ಪರವಾನಗಿ ಬೇಕು. ನಿಮ್ಮದು ಅಟ್ಟದ ಪೆಟ್ಟಿಗೆಯಾದ್ದರಿಂದ ನಿಧಿಯ ಪ್ರಶ್ನೆ ಬರುವುದಿಲ್ಲ. ಪಾಯ ತೋಡುವಾಗ, ಹೊಲ ಉಳುವಾಗ ನೆಲದಲ್ಲಿ ಸಿಕ್ಕಿದ್ದರೆ ಜಿಲ್ಲಾಧಿಕಾರಿಗೆ ತಿಳಿಸುವ ಹೊಣೆ ಇರುತ್ತಿತ್ತು, ಅದನ್ನು ಮರೆಮಾಡುವುದು ಅಪರಾಧ.

ಮಾರುವ ದಾರಿಗಳು ಮೂರು, ಮೂರರಲ್ಲೂ ಕೊರತೆಗಳಿವೆ. ಬೆಳ್ಳಿ ಅಂಗಡಿಯಲ್ಲಿ ಅದೇ ದಿನ ಹಣ ಸಿಗುತ್ತದೆ, ಆದರೆ ಲೋಹದ ಬೆಲೆ ಮಾತ್ರ, ಅದರಲ್ಲೂ ವಟ್ಟ ಕಳೆದು. ನಾಣ್ಯ ವ್ಯಾಪಾರಿಗೆ ಕೊಟ್ಟರೆ ಒಳ್ಳೆಯ ನಾಣ್ಯಗಳಿಗೆ ಹೆಚ್ಚು ಸಿಗುತ್ತದೆ. ಆದರೆ ಅವರು ಮತ್ತೆ ಮಾರಿ ಬದುಕಬೇಕಾದವರು, ಕ್ಯಾಟಲಾಗಿನಲ್ಲಿ ಮುದ್ರಿತವಾದ ಬೆಲೆಯನ್ನು ಕೊಡಲಾರರು, ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಒಬ್ಬರೇ ವ್ಯಾಪಾರಿಗೆ ತೋರಿಸಿ ತೀರ್ಮಾನಿಸಬೇಡಿ. ಬೆಂಗಳೂರಿನಲ್ಲಿ ನಡೆಯುವ ನಾಣ್ಯ ಪ್ರದರ್ಶನಗಳಲ್ಲಿ ಹಲವು ವ್ಯಾಪಾರಿಗಳು ಒಂದೇ ಕಡೆ ಸಿಗುತ್ತಾರೆ, ಒಂದೇ ದಿನದಲ್ಲಿ ಮೂರು ನಾಲ್ಕು ಬೆಲೆ ಕೇಳಬಹುದು. ಹರಾಜು ಮನೆಗಳು ಅಪರೂಪದ ನಾಣ್ಯಗಳಿಗೆ ಸರಿ, ಆದರೆ ಕಮಿಷನ್ ಇರುತ್ತದೆ, ತಿಂಗಳುಗಟ್ಟಲೆ ಕಾಯಬೇಕು. ಅಂತರರಾಷ್ಟ್ರೀಯ ಸಂಸ್ಥೆಗಳಿಂದ ದರ್ಜೆ ಹಾಕಿಸಿ ಮುಚ್ಚಿದ ಪೆಟ್ಟಿಗೆಯಲ್ಲಿಡಿಸುವ ಸಲಹೆಯನ್ನು ಕೆಲವರು ಕೊಡುತ್ತಾರೆ. ಸವೆದ 1918ರ ರೂಪಾಯಿಗೆ ಅದನ್ನು ಮಾಡಿಸಿದರೆ ಶುಲ್ಕವೇ ನಾಣ್ಯದ ಬೆಲೆಯನ್ನು ನುಂಗುತ್ತದೆ. ಚಲಾವಣೆ ಕಾಣದ 1911ರ ರೂಪಾಯಿಯಾಗಿದ್ದರೆ ಮಾತ್ರ ಯೋಚಿಸಬಹುದು.

ಕೊನೆಯದಾಗಿ ಹಂಚಿಕೆ. ಮೂವರಿಗೆ ತಲಾ 17 ಎಂದು ಎಣಿಸಿ ಕೊಟ್ಟರೆ ಸಮನಾಗುವುದಿಲ್ಲ. ಒಬ್ಬರ ಪಾಲಿಗೆ ಆರನೆಯ ಜಾರ್ಜ್‌ನ 11 ಬಂದರೆ ಅವರಿಗೆ ಸುಮಾರು 50 ಗ್ರಾಂ ಬೆಳ್ಳಿ ಕಡಿಮೆಯಾಗುತ್ತದೆ. ಮೊದಲು 1911ರದು, 1840ರದು, ಚುಕ್ಕೆಗಳ ವಿಶೇಷವಿರುವ 1862ರವು, ಮೂಲ ಕಾಂತಿ ಉಳಿದ ಯಾವುದೇ ನಾಣ್ಯ, ಇವನ್ನು ಬೇರೆ ಇಟ್ಟು, ಎರಡೂ ಬದಿಯ ಫೋಟೋ ತೆಗೆದು, ತೂಕ ಬರೆದು, ಕನಿಷ್ಠ ಇಬ್ಬರಿಂದ ಲಿಖಿತ ಬೆಲೆ ಪಡೆಯಿರಿ. ಕೊಂಡಿಯ ನಾಲ್ಕನ್ನೂ 1947ರ ಹುಲಿಯನ್ನೂ ಲೆಕ್ಕದಿಂದ ಹೊರಗಿಡಿ. ಉಳಿದ ಹಳೆಯ ಮಟ್ಟದವನ್ನು ಮೂರು ಭಾಗ, ಅರ್ಧ ಬೆಳ್ಳಿಯವನ್ನು ಮೂರು ಭಾಗ ಮಾಡಿ, ಸಮವಾಗಿ ಬಾರದ ಒಂದೆರಡನ್ನು ಆ ದಿನದ ಬೆಳ್ಳಿ ದರದಲ್ಲಿ ಹಣವಾಗಿ ಸರಿದೂಗಿಸಿಕೊಳ್ಳಿ. ಬೇರೆ ಇಟ್ಟ ನಾಣ್ಯಗಳನ್ನು ಯಾರಾದರೂ ಇಟ್ಟುಕೊಳ್ಳಬಯಸಿದರೆ ಲಿಖಿತ ಬೆಲೆಯಲ್ಲಿ ಹೆಚ್ಚಿನದನ್ನು ಹಿಡಿದು ಇಬ್ಬರಿಗೆ ಪಾಲು ಕೊಡಲಿ; ಯಾರಿಗೂ ಬೇಡವಾದರೆ ಒಟ್ಟಾಗಿ ಮಾರಿ ಹಣ ಹಂಚಿಕೊಳ್ಳಿ. ಈ ಎಣಿಕೆ, ತೂಕ, ಫೋಟೋಗಳ ಒಂದು ಪ್ರತಿ ಮೂವರ ಬಳಿಯೂ ಇರಲಿ, ನಾಣ್ಯಗಳನ್ನು ಪೆಟ್ಟಿಗೆಯಿಂದ ಹೊರಗೆ ಒಯ್ಯುವ ಮೊದಲೇ.